ಧ್ವನಿಮತದ ಜರಡಿ

ಲೋಕಸಭೆಯ ಚಾವಣಿಗೆ ಆ ಯಂತ್ರವನ್ನು ತೂಗುಹಾಕಿದ ಮೊದಲ ದಿನ ಸದಸ್ಯರೆಲ್ಲ ತಲೆಯೆತ್ತಿ ಅದನ್ನೇ ನೋಡುತ್ತಿದ್ದರು. ನೋಡಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ರೊಟ್ಟಿಯ ಹೆಂಚಿನಷ್ಟು ಅಗಲದ ಬೂದು ಬಣ್ಣದ ತಟ್ಟೆ, ಅದರ ಮೈತುಂಬ ಸಣ್ಣ ಸಣ್ಣ ತೂತು. ಅಧ್ಯಕ್ಷರು ಯಾವುದೋ ಚಿಕ್ಕ ಮಸೂದೆಯನ್ನು ಮತಕ್ಕೆ ಹಾಕಿ, "ಪರವಾಗಿರುವವರು ಹೌದೆನ್ನಿ" ಎಂದರು. ಸಭೆ ಹೌದೆಂದು ಕೂಗಿತು. "ವಿರೋಧವಿರುವವರು ಇಲ್ಲವೆನ್ನಿ" ಎಂದರು. ಅದೂ ಆಯಿತು. ಗದ್ದಲ ಅಡಗುವ ಮೊದಲೇ ಗೋಡೆಯ ಪರದೆಯ ಮೇಲೆ ಎರಡು ಸಾಲಿನಲ್ಲಿ ಹೆಸರುಗಳು ಮೂಡಿದವು. ಯಾರು ಹೌದೆಂದರು, ಯಾರು ಇಲ್ಲವೆಂದರು, ಯಾರು ಬರೀ ತುಟಿ ಅಲ್ಲಾಡಿಸಿದರು, ಹಿಂದಿನ ಬೆಂಚಿನಲ್ಲಿ ಯಾರು ಪಕ್ಕದವರನ್ನು "ಇವತ್ತು ಊಟ ಎಲ್ಲಿ?" ಎಂದು ಕೇಳಿದರು, ಎಲ್ಲವೂ ಅಲ್ಲಿತ್ತು. ಒಂದೇ ಒಂದು ಹೆಸರು ಮಾತ್ರ ಎರಡೂ ಸಾಲಿನಲ್ಲಿತ್ತು: ಈರಸಂಗಪ್ಪ ತುಪ್ಪದ, ಮಾಲಾಪುರ ಕ್ಷೇತ್ರ. ಹೊಸ ಯಂತ್ರ, ಏನೋ ದೋಷವಿರಬೇಕೆಂದು ಎಲ್ಲರೂ ನಕ್ಕರು. ತುಪ್ಪದ ಅವರೂ ನಕ್ಕರು.

ಯಂತ್ರದ ಅಧಿಕೃತ ಹೆಸರು 'ಸ್ವರಪೃಥಕ್ಕರಣಿ'. ಹೆಸರಿಟ್ಟ ಸಮಿತಿಯವರಿಗೇ ಅದು ಒಂದು ಉಸಿರಿನಲ್ಲಿ ಬಾಯಿಗೆ ಬರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಜರಡಿ ಎನ್ನತೊಡಗಿದರು. ಕಂಡುಹಿಡಿದವರು ಮೈಸೂರಿನ ಡಾ. ಜಯಶೀಲಾ ಕಾರಂಜಿ. ಅವರ ಸಿದ್ಧಾಂತ ಸರಳವಾದದ್ದು. ಬೆರಳಿಗೆ ಒಂದು ಗುರುತಿರುವಂತೆ ಗಂಟಲಿಗೂ ಒಂದು ಗುರುತಿದೆ. ಅದಕ್ಕೆ ಅವರು ಕಂಠಮುದ್ರೆ ಎಂದು ಹೆಸರಿಟ್ಟರು. ನೂರಾರು ಜನ ಒಟ್ಟಿಗೆ ಕೂಗಿದಾಗ ಶಬ್ದದ ಅಲೆಗಳು ಒಂದರಲ್ಲೊಂದು ಬೆರೆಯುತ್ತವೆಯೇ ಹೊರತು ಕರಗಿಹೋಗುವುದಿಲ್ಲ. ಬೆರೆತ ಕಾಳುಗಳನ್ನು ಬೇರ್ಪಡಿಸುವ ಹಾಗೆ ಅವನ್ನೂ ಬೇರ್ಪಡಿಸಬಹುದು. ಧ್ವನಿಮುದ್ರಿಕೆ ಎಷ್ಟು ಹಳೆಯದಾದರೂ ಅಡ್ಡಿಯಿಲ್ಲ.

ಇದರ ಅಗತ್ಯವೇನು ಎಂದು ಓದುಗರು ಕೇಳಬಹುದು. ಸಂಸತ್ತಿನಲ್ಲಿ ಗುಂಡಿ ಒತ್ತಿ ಮತ ಹಾಕಿದರೆ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಆದರೆ ಯಾರೂ ಹಟ ಹಿಡಿಯದಿದ್ದರೆ ಬಾಯಿಮಾತಿನ ಮತವೇ ಸಾಕು. ಅಧ್ಯಕ್ಷರು ಕಿವಿಯಿಂದಲೇ ಅಳೆದು "ಹೌದೆಂದವರು ಗೆದ್ದರು" ಎಂದುಬಿಡುತ್ತಾರೆ. ಯಾರ ಹೆಸರೂ ಎಲ್ಲಿಯೂ ಉಳಿಯುವುದಿಲ್ಲ. ಆಮೇಲೆ ಊರಿಗೆ ಹೋಗಿ ಏನು ಬೇಕಾದರೂ ಹೇಳಿಕೊಳ್ಳಬಹುದು. ಬೇರೆ ವಿಷಯದಲ್ಲಿ ಹಾವು ಮುಂಗುಸಿಯಂತಿದ್ದ ಪಕ್ಷಗಳು ಈ ಅನುಕೂಲವನ್ನು ಮಾತ್ರ ಅಣ್ಣತಮ್ಮಂದಿರಂತೆ ಹಂಚಿಕೊಂಡು ಉಂಡಿದ್ದವು.

ಹಳೆಯ ಧ್ವನಿಮುದ್ರಿಕೆಗಳನ್ನೂ ಜರಡಿ ಹಿಡಿಯಬೇಕೆಂಬ ಠರಾವು ಬಂದಾಗ ಪ್ರತಿಯೊಂದು ಪಕ್ಷವೂ ಎದುರು ಪಕ್ಷದವರ ಬಂಡವಾಳ ಬಯಲಾಗುತ್ತದೆಂದು ಖುಷಿಪಟ್ಟಿತು. ಹುರುಪಿನಲ್ಲಿ, 'ಜರಡಿಯ ಲೆಕ್ಕದಲ್ಲಿ ಸೋತ ಕಾಯ್ದೆ ಸೋತಂತೆಯೇ' ಎಂಬ ಸಾಲನ್ನೂ ಸೇರಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಆ ಕ್ಷಣ ಯಾರಿಗೂ ನೆನಪಾಗಲಿಲ್ಲ.

ಒಂದು ತಿಂಗಳ ನಂತರ ಡಾ. ಜಯಶೀಲಾ ತುಪ್ಪದ ಅವರನ್ನು ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡರು.

"ಸರ್, ನಿಮ್ಮ ಐದೂ ಅವಧಿಯ ಧ್ವನಿಮುದ್ರಿಕೆ ಕೇಳಿದೆ. ಯಂತ್ರದಲ್ಲಿ ದೋಷ ಇಲ್ಲ. ಪ್ರತಿ ಸಲವೂ ನೀವು ಹೌದು ಅಂದಿದೀರಿ. ಪ್ರತಿ ಸಲವೂ ಇಲ್ಲ ಅಂತಲೂ ಅಂದಿದೀರಿ."

"ಖರೇ ಐತ್ರಿ," ಎಂದರು ತುಪ್ಪದ. "ನಿಮ್ಮ ಮಷೀನು ಭಾಳ ಛಲೋ ಐತಿ."

"ಯಾಕೆ ಸರ್ ಹೀಗೆ?"

"ಊರಾಗ ಹೌದು ಅನ್ನು ಮಂದಿ ಬಂದು ಕೇಳ್ತಾರ, ಏನಂದ್ರಿ ಅಂತ. ಹೌದು ಅಂದೀನಿ ಅಂತೀನಿ. ಇಲ್ಲ ಅನ್ನವ್ರು ಬರ್ತಾರ. ಇಲ್ಲ ಅಂದೀನಿ ಅಂತೀನಿ. ಇಪ್ಪತ್ತೈದು ವರ್ಷ ಆತ್ರಿ ಮೇಡಮ್, ಮಂದಿ ಮುಂದ ಒಂದ ಒಂದು ಸುಳ್ಳು ಹೇಳಿಲ್ಲ ನಾ."

ಅವರ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ; ಸ್ವಲ್ಪ ಹೆಮ್ಮೆಯೇ ಇತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಅಷ್ಟು ವರ್ಷ ಕಳೆಯುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ. ಡಾ. ಜಯಶೀಲಾ ನಗು ತಡೆದುಕೊಂಡು ಪರದೆಯ ಮೇಲೆ ಒಂದು ಲೆಕ್ಕ ತೋರಿಸಿದರು. ತುಪ್ಪದ ಅವರ ಮುಖದ ಬಣ್ಣ ಇಳಿದದ್ದು ಆಗ.

ಅದು ಒಂಬತ್ತು ವರ್ಷ ಹಿಂದಿನ ಸಣ್ಣ ನಿಲ್ದಾಣಗಳ ವಿಲೀನ ಕಾಯ್ದೆಯ ಲೆಕ್ಕ. ಈ ಕಾಯ್ದೆ ಬಂದ ಮೇಲೆ ದೇಶದ ಚಿಕ್ಕಪುಟ್ಟ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ತಪ್ಪಿತು. ಮಾಲಾಪುರ ಪಟ್ಟಣದವರಿಗೆ ಹಬ್ಬವೇ ಆಯಿತು. ಬೆಳಿಗ್ಗೆ ಹೊರಟರೆ ಬೆಂಗಳೂರಿನಲ್ಲಿ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಿತ್ತು. ಹಳಿಯುದ್ದಕ್ಕೂ ಇದ್ದ ಹಳ್ಳಿಗಳವರು ಮಾತ್ರ ತಮ್ಮೂರಿನ ರೈಲನ್ನು ಓಡುವಾಗಷ್ಟೇ ನೋಡುವಂತಾಯಿತು. ಅಂದು ಧ್ವನಿಮತ ಅಳೆದ ಅಧ್ಯಕ್ಷರ ಕಿವಿಗೆ ಹೌದೆಂಬುದು ಹೆಚ್ಚೆಂದು ಕೇಳಿಸಿತ್ತು. ಜರಡಿಯ ಪ್ರಕಾರ ಎರಡೂ ಕಡೆ ಸಮಸಮ.

"ಸಮ ಬಂದರೆ ಅಧ್ಯಕ್ಷರು ತಮ್ಮ ಮತ ಹಾಕಿ ತೀರ್ಮಾನ ಮಾಡಬೇಕಿತ್ತು. ಆಗಿನ ಅಧ್ಯಕ್ಷರು ತೀರಿಕೊಂಡಿದಾರೆ," ಎಂದರು ಡಾ. ಜಯಶೀಲಾ. "ಹಾಗಾಗಿ ಎರಡು ಸಲ ಕೂಗಿದವರು ನೀವೊಬ್ಬರೇ ಅಂತ ಸದನದ ಸಮಿತಿ ನಿಮ್ಮ ಮೇಲೆ ಬಿಟ್ಟಿದೆ. ಅವತ್ತು ಹೇಳಿದ ಎರಡರಲ್ಲಿ ಒಂದನ್ನ ನೀವು ಸದನದಲ್ಲೇ ವಾಪಸ್ ತಗೋಬೇಕು. ಹೌದು ಉಳಿದರೆ ಕಾಯ್ದೆ ಉಳಿಯತ್ತೆ. ಇಲ್ಲ ಉಳಿದರೆ ಬೀಳತ್ತೆ."

ತುಪ್ಪದ ರುಮಾಲಿನಿಂದ ಹಣೆ ಒರೆಸಿಕೊಂಡರು. "ನನ್ಯಾಕ ಕೇಳ್ತೀರಿ? ಮಷೀನಿಗೆ ಕೇಳ್ರಿ. ಮನಸಿನ್ಯಾಗಿಂದ ಬಂದದ್ದು ಯಾವುದು ಅಂತ ಅದ ಹೇಳ್ಲಿ."

"ಅದು ಗಂಟಲನ್ನ ಮಾತ್ರ ನೋಡತ್ತೆ ಸರ್, ಮನಸ್ಸನ್ನಲ್ಲ."

"ಒಂದರ ಸ್ವಲ್ಪ ಜೋರ ಇರಬೇಕಲ್ರೀ."

"ಎರಡೂ ಒಂದೇ ಸಮ. ನಿಮ್ಮಷ್ಟು ನಿಷ್ಪಕ್ಷಪಾತವಾದ ಗಂಟಲನ್ನ ನಾನು ನೋಡೇ ಇಲ್ಲ."

ಚುನಾವಣೆ ಹತ್ತಿರದಲ್ಲಿತ್ತು. ಹೌದೆಂದರೆ ಹಳ್ಳಿಗಳು ಕೈಬಿಡುತ್ತವೆ, ಇಲ್ಲವೆಂದರೆ ಪಟ್ಟಣ ಕೈಬಿಡುತ್ತದೆ. ಅತ್ತ ದರಿ, ಇತ್ತ ಪುಲಿ. ಆರನೆಯ ಸಲ ಗೆದ್ದು ಮಂತ್ರಿಯಾಗುವ ಆಸೆಯನ್ನು ತುಪ್ಪದ ಹೆಂಡತಿಯ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಒಂದೇ ಒಂದು ಶಬ್ದದಲ್ಲಿ ಅದು ಕೈತಪ್ಪುವುದರಲ್ಲಿತ್ತು. ಅವರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಗಂಟಲು ಕಟ್ಟಿದೆ ಎಂದರು. ಸಮಿತಿ ವಾಯಿದೆ ಕೊಟ್ಟಿತು. ನೆನಪಿಲ್ಲ ಎಂದರು. ನೆನಪು ಬೇಡ, ತೀರ್ಮಾನ ಸಾಕು ಎಂದಿತು ಸಮಿತಿ. ಕೊನೆಗೆ ಹಳ್ಳಿಗಳ ನಾಡಿ ನೋಡಿ ಬರೋಣವೆಂದು ಕುರುವಿನಕೊಪ್ಪಕ್ಕೆ ಹೋದರು.

ಕುರುವಿನಕೊಪ್ಪದ ನಿಲ್ದಾಣದಲ್ಲಿ ಈಗ ಕುರಿ ಮಲಗುತ್ತಿದ್ದವು. ಹಿಂದೆ ಅಲ್ಲಿ ಪ್ಯಾಸೆಂಜರ್ ಗಾಡಿ ನಿಂತ ಕೂಡಲೇ ಬುಟ್ಟಿ ಹೊತ್ತ ಹೆಂಗಸರು ಹತ್ತುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಮಾರುತ್ತ ಹೋಗಿ, ಎದುರು ಗಾಡಿ ಹಿಡಿದು ಮನೆಗೆ ಬರುತ್ತಿದ್ದರು. ಆ ಹೆಂಗಸರ ಮುಂದಾಳು ಫಕೀರವ್ವ. ಗಾಡಿ ನಿಲ್ಲುವುದು ತಪ್ಪಿದ ಮೇಲೆ ಅವರಲ್ಲಿ ಅರ್ಧ ಜನ ಇಟ್ಟಿಗೆ ಭಟ್ಟಿಗೆ ಹೋದರು, ಅರ್ಧ ಜನ ಗೋವಾಕ್ಕೆ ಮಣ್ಣು ಹೊರಲು ಹೋದರು. ಈ ಕಥೆಯಲ್ಲಿ ನಗಲು ಬೇಕಾದಷ್ಟಿದೆ, ಆದರೆ ಇದು ಮಾತ್ರ ನಗುವ ವಿಷಯವಲ್ಲ.

ನಿಲ್ದಾಣದ ಎದುರಿಗೇ ಇದ್ದ ಮನೆಯ ಕಟ್ಟೆಯ ಮೇಲೆ ಕೂತಿದ್ದ ಫಕೀರವ್ವ ಕಾರು ನಿಂತದ್ದನ್ನು ಕಂಡು ಸೆರಗು ಸರಿಪಡಿಸಿಕೊಂಡಳು. ತುಪ್ಪದ ಇಳಿದವರೇ, "ಫಕೀರವ್ವಾ, ನಾ ಅವತ್ತ ಇಲ್ಲ ಅಂದಿದ್ದೆ ಬೇ," ಎಂದರು.

"ಗೊತ್ತೈತ್ರಿ. ಹೌದೂ ಅಂದಿದ್ರಂತ, ಟೀವ್ಯಾಗ ಬಂತು."

ತುಪ್ಪದ ಅವರಿಗೆ ಸಿಟ್ಟು ಬಂತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವ ಸರದಿ ಅವರದಾಗಿತ್ತು. "ನೀ ಏನ್ ಕಮ್ಮಿ ಅದೀ? ಎಲೆಕ್ಷನ್ ಬಂತಂದ್ರ ನನಗೂ ಹೂಂ ಅಂತಿ, ಆ ಪಾರ್ಟಿಯವ್ರಿಗೂ ಹೂಂ ಅಂತಿ. ಮೂರನೇದವ ಬಂದ್ರ ಅವಗೂ ಹೂಂ."

"ಅಂತೀನ್ರಿ. ಮನೀಮಟ ಬಂದವ್ರಿಗೆ ಇಲ್ಲ ಅನ್ನಾಕ ಹೆಂಗ ಬರ್ತೈತಿ? ಹೂಂ ಎಲ್ಲಾರಿಗೂ ಅಂತೀನಿ." ಫಕೀರವ್ವ ಒಂದು ತಂಬಿಗೆ ನೀರು ತಂದು ಅವರ ಮುಂದಿಟ್ಟಳು. "ಆದ್ರ ಒಳಗ ಹೋದಾಗ ಗುಂಡಿ ಒಂದ ಒತ್ತತೀನ್ರಿ ಸಾಹೇಬ್ರ. ನೀವು ಒಳಗ ಹೋಗೀನೂ ಹೊರಗಿನ ಮಾತ ಆಡಿದ್ರಿ."

ತುಪ್ಪದ ನೀರು ಕುಡಿದರು. ಅಷ್ಟರಲ್ಲಿ ಮಾಲಾಪುರದ ಎಕ್ಸ್‌ಪ್ರೆಸ್ ನಿಲ್ದಾಣವನ್ನು ಹಾದುಹೋಯಿತು. ಕುರಿಗಳು ಕೂಡ ತಲೆಯೆತ್ತಲಿಲ್ಲ. ಕಾರಿನಲ್ಲಿ ವಾಪಸು ಹೋಗುವಾಗ ಅವರ ಮನಸ್ಸಿಗೆ ಬಹಳ ಕೆಡುಕೆನಿಸಿತ್ತು.

ಮುಂದಿನ ವಾರ ಸದನದಲ್ಲಿ ಅವರ ಹೆಸರು ಕರೆದರು. ತುಪ್ಪದ ಮಫ್ಲರ್ ಬಿಚ್ಚಿಟ್ಟು ಎದ್ದು ನಿಂತು, "ಇಲ್ಲ" ಎಂದರು. ಜರಡಿ ಒಂದು ಕ್ಷಣ ತಡವರಿಸಿತು. ಆ ಗಂಟಲಿನಿಂದ ಇನ್ನೊಂದು ಬರಬಹುದೆಂದು ಕಾದಿತ್ತೋ ಏನೋ. ಬರಲಿಲ್ಲ. ಕಾಯ್ದೆ ಬಿತ್ತು.

ಮತ್ತೆ ಎಲ್ಲ ಸಣ್ಣ ನಿಲ್ದಾಣಗಳಲ್ಲೂ ರೈಲು ನಿಲ್ಲತೊಡಗಿತು. ಮಾಲಾಪುರದ ವರ್ತಕರು ತುಪ್ಪದ ಅವರ ಪ್ರತಿಕೃತಿ ಸುಟ್ಟರು. ತುಪ್ಪದ ಹೆದರಲಿಲ್ಲ. ಪಟ್ಟಣದಲ್ಲಿ ಕಳೆದುಕೊಂಡದ್ದನ್ನು ಹಳಿಯ ಪಕ್ಕದ ಹಳ್ಳಿಗಳು ತುಂಬಿಕೊಡುತ್ತವೆಂಬುದು ಅವರ ಲೆಕ್ಕ. ದೂರವಾಣಿಯಲ್ಲಿ ಡಾ. ಜಯಶೀಲಾ ಕೂಡ ಅದನ್ನು ಒಪ್ಪಿದರು. ಗೋವಾದಿಂದ, ಭಟ್ಟಿಗಳಿಂದ ಹೆಂಗಸರು ಊರಿಗೆ ಮರಳಿದ್ದರು; ಅವರ ಮತ ಬೇರೆ ಯಾರಿಗೆ ಹೋಗಲು ಸಾಧ್ಯ?

ಹೋಗಲಿಲ್ಲ, ನಿಜ. ಮತದಾನದ ದಿನ ಊರಿಗೆ ಹೋಗಿ ಮತ ಹಾಕುವವರಿಂದ ರೈಲುಗಳು ತುಂಬಿ ತುಳುಕುತ್ತಿದ್ದವು. ಅಂಥ ವ್ಯಾಪಾರದ ದಿನವನ್ನು ಯಾವ ರೊಟ್ಟಿ ಮಾರುವವಳು ಬಿಟ್ಟಾಳು? ಮಧ್ಯಾಹ್ನದೊಳಗೆ ಮರಳಿ ಬಂದು ಮತ ಹಾಕಿದರಾಯಿತೆಂದು ಹಳಿಯುದ್ದದ ಹೆಂಗಸರೆಲ್ಲ ಮುಂಜಾನೆಯೇ ಬುಟ್ಟಿ ಹೊತ್ತು ಗಾಡಿ ಹತ್ತಿದರು. ಆದರೆ ಈಗ ಗಾಡಿ ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮರಳುವ ಗಾಡಿ ತಡವಾಗುತ್ತ ತಡವಾಗುತ್ತ ಕುರುವಿನಕೊಪ್ಪ ಮುಟ್ಟುವಾಗ ಮತಗಟ್ಟೆಯ ಬಾಗಿಲು ಹಾಕಿತ್ತು. ಸಣ್ಣ ಅಂತರದಲ್ಲಿ ತುಪ್ಪದ ಸೋತರು.

ಸೋತ ಮೇಲೆ ಕಾರೂ ಹೋಯಿತು. ಒಂದು ದಿನ ಅವರು ಪ್ಯಾಸೆಂಜರ್ ಗಾಡಿಯ ಕಿಟಕಿಯ ಪಕ್ಕ ಕೂತಿದ್ದಾಗ ಕುರುವಿನಕೊಪ್ಪದಲ್ಲಿ ಫಕೀರವ್ವ ಹತ್ತಿದಳು. ನೋಡಿ ಗಕ್ಕನೆ ನಿಂತಳು. ತುಪ್ಪದ ಪಕ್ಕಕ್ಕೆ ಸರಿದು ಬುಟ್ಟಿಗೆ ಜಾಗ ಮಾಡಿಕೊಟ್ಟರು.

"ಫಕೀರವ್ವಾ, ನನಗ ವೋಟ್ ಹಾಕಿದ್ದೇನು ಬೇ?"

ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಸುತ್ತಲಿನವರೆಲ್ಲ ಅದನ್ನೇ ನಿರೀಕ್ಷಿಸುತ್ತಿದ್ದರು.

"ಇಲ್ರೀ ಸಾಹೇಬ್ರ," ಎಂದಳು ಫಕೀರವ್ವ. "ಗಾಡಿ ತಡಾ ಆತು."

ಇಪ್ಪತ್ತೈದು ವರ್ಷಗಳಲ್ಲಿ ಒಬ್ಬ ಮತದಾರನೂ ಅವರ ಮುಖಕ್ಕೆ ಇಲ್ಲವೆಂದಿರಲಿಲ್ಲ. ಸೋತಾಗ ಬಾರದ ಕಣ್ಣೀರು ತುಪ್ಪದ ಅವರಿಗೆ ಈಗ ಬಂತು, ಅದರ ಜೊತೆಗೇ ನಗುವೂ ಬಂತು. ಅವಳು ರೊಟ್ಟಿಯ ಮೇಲೆ ಚಟ್ನಿ ಹಾಕಿ ಕೊಟ್ಟಳು. ಅವರು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡು ಕೇಳಿದರು:

"ಮುಂದಿನ ಸಲ ಹಾಕ್ತೀ?"

ಮುಂದಿನ ನಿಲ್ದಾಣ ಬಂದಿತ್ತು. ಫಕೀರವ್ವ ಬುಟ್ಟಿಯನ್ನು ತಲೆಗೇರಿಸಿ ಬಾಗಿಲ ಕಡೆ ನಡೆದಳು.

"ಗಾಡಿ ನೋಡಿ ಹೇಳ್ತೀನ್ರಿ," ಎಂದಳು.