ತಿಲ್‌ಚಂಗ್‌ನ ಹನ್ನೊಂದು ಜೊತೆ ಚೈನು

ಜನವರಿ 17, ಬೆಳಿಗ್ಗೆ 9 ಗಂಟೆ 20 ನಿಮಿಷ. ಟ್ಯಾಕ್ಸಿ ಸಂಘದ ಅಧ್ಯಕ್ಷ ತೋಬ್‌ಗೆ ಎಂಬವನು ಬೂಟಿಗೆ ಅಂಟಿದ ಹಿಮ ಕೊಡವುತ್ತಾ ತಿಲ್‌ಚಂಗ್ ಠಾಣೆಯೊಳಗೆ ಬಂದ. ಸಂಘದ ಕೋಣೆಯಲ್ಲಿದ್ದ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಹನ್ನೊಂದು ಜೊತೆ ಹೊಸ ಚೈನು ಕಳುವಾಗಿವೆ ಎಂದು ದೂರು ಬರೆದುಕೊಟ್ಟ. ಹಿಂದಿನ ದಿನ ಹಾಲ್ಡಾ ಹಬ್ಬ. ಊರಿಗೆ ಊರೇ ದೀವಟಿಗೆ ಕಟ್ಟುವ ಗಡಿಬಿಡಿಯಲ್ಲಿದ್ದಾಗ ಯಾರೋ ಕೈಚಳಕ ತೋರಿಸಿದ್ದರು.

ಇನ್‌ಸ್ಪೆಕ್ಟರ್ ಛಿಮೆದ್ ಅಂಗ್ಮೊ ಎಫ್‌ಐಆರ್ ದಾಖಲಿಸಿಕೊಂಡಳು. ಕಳುವು ಸಣ್ಣದಲ್ಲ ಎಂದು ಲಾಹೌಲ್ ಕಣಿವೆಯಲ್ಲೇ ಹುಟ್ಟಿದ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತೊಂಬತ್ತಕ್ಕೆ ದೊಡ್ಡ ಹಿಮ ಬೀಳುವ ಮುನ್ಸೂಚನೆ ಇತ್ತು. ಇಪ್ಪತ್ತಕ್ಕೆ ಹನ್ನೊಂದು ಗಾಡಿಗಳು ಜನ ತುಂಬಿಕೊಂಡು ಘಾಟಿ ಇಳಿಯಬೇಕಿತ್ತು. ಹಿಮದ ಟೈರು ಎಷ್ಟೇ ಒಳ್ಳೆಯದಿರಲಿ, ಗಾಜಿನಂತೆ ಹೆಪ್ಪುಗಟ್ಟಿದ ಆ ಇಳಿಜಾರಿನಲ್ಲಿ ಅದರ ಆಟ ನಡೆಯುವುದಿಲ್ಲ. ಚಕ್ರಕ್ಕೆ ಚೈನು ಸುತ್ತದ ಗಾಡಿಯನ್ನು ಘಾಟಿ ರಸ್ತೆಯ ಗೇಟಿನವರು ಮುಂದೆ ಬಿಡುವುದೂ ಇಲ್ಲ.

10 ಗಂಟೆ 40ಕ್ಕೆ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಎದುರಿನ ಚಹಾ ಅಂಗಡಿಯ ಮೊಳೆಗೆ ನೇತಾಡುತ್ತಿರುತ್ತದೆಂದು ಕಣಿವೆಗೆಲ್ಲ ಗೊತ್ತು. ಹೊಸ ಚೈನು ಬಂದ ಖುಷಿಯಲ್ಲಿ ಚಾಲಕರು ಹಳೆಯವನ್ನು ಬಿಚ್ಚಿ ಮೂಲೆಗೆ ಎಸೆದಿದ್ದರಂತೆ, ಒಂದರೊಳಗೊಂದು ಸಿಕ್ಕು ಬಿದ್ದ ರಾಶಿಯಾಗಿ. ಈಗ ಮೂಲೆ ಖಾಲಿಯಿತ್ತು. ಒಂಬತ್ತು ಜೊತೆ ಹಳೆಯ ಚೈನುಗಳು ಗೋಡೆಯ ಗೂಟಗಳಲ್ಲಿ ಸಿಕ್ಕು ಬಿಡಿಸಿಕೊಂಡು, ಎಣ್ಣೆ ಸವರಿಸಿಕೊಂಡು ಸಾಲಾಗಿ ತೂಗುತ್ತಿದ್ದವು. ಕಟ್ಟಿದಾಗ ಟೈರಿನ ರಬ್ಬರಿಗೆ ಗೀರು ಬೀಳದಂತೆ ಕೊಕ್ಕೆಗಳ ಬಾಯಿಗಳೆಲ್ಲವೂ ಹೊರಮುಖವಾಗಿದ್ದವು. ಸವೆದ ಕೊಂಡಿಗಳನ್ನು ತೆಗೆದು ಬೇರೆ ಕೂಡಿಸಲಾಗಿತ್ತು.

ಹೆಡ್ ಕಾನ್‌ಸ್ಟೆಬಲ್ ಲುದರ್‌ಮಣಿ ಕೆಳಗಿನ ಮಂಡಿ ಜಿಲ್ಲೆಯವನು. ಚಳಿಗೆ ಬೆರಳು ಸೆಟೆದುಕೊಂಡು ಪೆನ್ನು ಓಡುತ್ತಿಲ್ಲ ಎಂದು ಗೊಣಗುತ್ತಲೇ ಬರೆಯುತ್ತಿದ್ದವನು ತಲೆಯೆತ್ತಿದ.

"ಮೇಡಂ, ಕದ್ದೂ ಹೋಗಿದಾನೆ, ರಿಪೇರಿನೂ ಮಾಡಿಟ್ಟು ಹೋಗಿದಾನೆ. ಇದಕ್ಕೆ ಯಾವ ಸೆಕ್ಷನ್ ಹಾಕೋದು?"

ಅಂಗ್ಮೊ ನಗಲಿಲ್ಲ. ಹೊಸದಾಗಿ ಕೂಡಿಸಿದ ಪ್ರತಿ ಕೊಂಡಿಯ ಪಕ್ಕದಲ್ಲೂ ಒಂದೆಳೆ ಕೆಂಪು ಉಣ್ಣೆ ಕಟ್ಟಿತ್ತು. ಅದನ್ನು ಅವಳು ಬಹಳ ಹೊತ್ತು ನೋಡಿದಳು. ಇಂದಿನ ಚಾಲಕರಿಗೆ ಅದು ತಿಳಿಯದು. ಹಿಂದೆ ಸರ್ಕಾರಿ ಬಸ್ ಡಿಪೋದವರು ಹಾಗೆ ಕಟ್ಟುತ್ತಿದ್ದರು. ಈ ಕೊಂಡಿ ಹೊಸದಾಗಿ ಕೂಡಿಸಿದ್ದು, ಒಂದು ಮೈಲಿ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ, ಇಳಿದು ಒಮ್ಮೆ ನೋಡು ಎಂದು ಅದರ ಅರ್ಥ. ಡಿಪೋ ಬಸ್ಸಿನಲ್ಲಿ ಶಾಲೆಗೆ ಹೋದ ಅವಳು ಚಾಲಕ ಹಾಗೆ ಇಳಿದು ನೋಡುವುದನ್ನು ಎಷ್ಟೋ ಸಲ ಕಂಡಿದ್ದಳು. ಆ ಚಾಲಕರಲ್ಲಿ ಕಣಿವೆಯಲ್ಲಿ ಉಳಿದವರು ಒಬ್ಬರೇ. ತೋಬ್‌ಗೆ ಸೇರಿದಂತೆ ಹನ್ನೊಂದೂ ಜನಕ್ಕೆ ಚೈನು ಕಟ್ಟಲು ಕಲಿಸಿದವರೂ ಅವರೇ. ಸುಳಿವು ಸಿಕ್ಕಿದ್ದಕ್ಕೆ ಅವಳಿಗೆ ಒಂಚೂರೂ ಸಂತೋಷವಾಗಲಿಲ್ಲ.

ಮಧ್ಯಾಹ್ನ 12 ಗಂಟೆ 50. ಆ ಹಳೆಯ ಚಾಲಕ, ಎಪ್ಪತ್ತನಾಲ್ಕರ ಪಲ್ಜೋರ್, ತಮ್ಮ ಮನೆಯಲ್ಲಿ ಒಲೆಯ ಪಕ್ಕ ಕೂತು ಉಪ್ಪು ಚಹಾ ಕಾಯಿಸುತ್ತಿದ್ದರು. ಪೊಲೀಸರನ್ನು ಕಂಡು ಇನ್ನೆರಡು ಬಟ್ಟಲು ಇಟ್ಟರು.

"ಮೇಮೆ, ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?" ಅಂಗ್ಮೊ ಕೇಳಿದಳು. ಕಣಿವೆಯಲ್ಲಿ ಅಜ್ಜನ ವಯಸ್ಸಿನವರನ್ನು ಬೇರೆ ಹೇಗೂ ಕರೆಯುವುದಿಲ್ಲ.

"ಸಂಘದ ಕೋಣೇಲಿ."

"ಚೈನು ಎಲ್ಲಿವೆ?"

"ಕೊಟ್ಟಿಗೇಲಿ, ಹುಲ್ಲಿನ ಕೆಳಗೆ. ಮೊದಲು ಚಹಾ ಕುಡಿಯಮ್ಮ. ಅವೇನು ಎದ್ದು ಓಡಿಹೋಗಲ್ಲ."

ಲುದರ್‌ಮಣಿ ಇಪ್ಪತ್ತೆರಡು ಚೈನು ಎಣಿಸಿ ಹೊರಗೆಳೆದ. ಹೊಳೆಯುತ್ತಿದ್ದವು. ಇಷ್ಟು ಚೆನ್ನಾಗಿರುವ ಮಾಲನ್ನು ಹುಲ್ಲಿನಡಿ ಹೂಳುವುದೆಂದರೇನು ಎಂದು ಅವನು ತನ್ನಷ್ಟಕ್ಕೇ ಅಂದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಪಲ್ಜೋರ್ ಒಂದು ಚೈನಿನ ಕೊಂಡಿಯನ್ನು ಕಲ್ಲಿನ ಮೇಲಿಟ್ಟು ಕೊಡಲಿಯ ಹಿಂಬದಿಯಿಂದ ಒಂದೇಟು ಹಾಕಿದರು. ಕೊಂಡಿ ಬಾಯಿಬಿಟ್ಟಿತು. ಬೆಸುಗೆ ಮೇಲಷ್ಟೇ ಇತ್ತು, ಒಳಗೆ ಟೊಳ್ಳು. ಆಮೇಲೆ ತಮ್ಮ ಹಳೆಯ ಜೀಪಿನ ಚೈನು ತಂದು ಲುದರ್‌ಮಣಿಯ ಕೈಗೆ ಕೊಡಲಿ ಕೊಟ್ಟರು. ಅವನು ಹತ್ತೇಟು ಹಾಕಿ ಏದುಸಿರು ಬಿಟ್ಟ. ಕೊಂಡಿಯಲ್ಲಿ ಒಂದು ತಗ್ಗು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ.

ಉಳಿದದ್ದನ್ನು ಅಂಗ್ಮೊ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಅಕ್ಟೋಬರಿನಲ್ಲಿ ವ್ಯಾಪಾರಿಯೊಬ್ಬ ಮಾದರಿಗೆಂದು ಒಂದು ಚೈನು ತಂದಿದ್ದ. ತೋಬ್‌ಗೆ ತಾನೇ ಅದನ್ನು ಪಲ್ಜೋರ್ ಕೈಗೆ ಕೊಟ್ಟಿದ್ದ. ಅವರು ಬಡಿದು, ಬಗ್ಗಿಸಿ ನೋಡಿ, ಧೈರ್ಯವಾಗಿ ತೊಗೊಳ್ಳಿ ಅಂದಿದ್ದರು. ಡಿಸೆಂಬರಿನಲ್ಲಿ ಬಂದ ಮಾಲು ಬೇರೆಯೇ ಆಗಿತ್ತು. ಒಂದು ಜೊತೆಯನ್ನು ಅವರು ತಮ್ಮ ಜೀಪಿಗೆ ಕಟ್ಟಿ ಅಂಗಳದ ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಎರಡು ಕೊಂಡಿ ಬಿಚ್ಚಿಕೊಂಡವು.

"ತೋಬ್‌ಗೆಗೆ ಹೇಳಲಿಲ್ವಾ?"

"ಮೂರು ಸಲ ಹೇಳ್ದೆ. ಸೀಸನ್ ಮುಗೀಲಿ ಮೇಮೆ, ಆಮೇಲೆ ನೋಡೋಣ ಅಂದ."

"ಹುಡುಗರಿಗೆ?"

"ಹೇಳ್ದೆ. ನೀವೇ ಪಾಸ್ ಮಾಡಿದ್ದಲ್ವಾ, ಈಗ್ಯಾಕೆ ಹೆದರಿಸ್ತೀರಿ, ವಯಸ್ಸಾಯ್ತು ನಿಮಗೆ ಅಂತ ನಕ್ಕುಬಿಟ್ರು." ಅವರು ಬಾಯಿಬಿಟ್ಟ ಕೊಂಡಿಯನ್ನು ಬೆರಳಲ್ಲಿ ತಿರುಗಿಸಿದರು. "ಅವರು ಆ ಘಾಟಿ ಇಳಿಯೋದು ಚೈನಿನ ಮೇಲೆ ಅಲ್ಲಮ್ಮ, ನನ್ನ ಮಾತಿನ ಮೇಲೆ."

ಅಂಗ್ಮೊ ಅವರ ಕೈಗಳನ್ನು ನೋಡಿದಳು. ಮೂವತ್ತೊಂದು ಚಳಿಗಾಲ ಅದೇ ರಸ್ತೆಯಲ್ಲಿ ಬಸ್ಸು ಓಡಿಸಿ ಒಬ್ಬ ಪ್ರಯಾಣಿಕನಿಗೂ ಗಾಯ ಮಾಡದ ಕೈಗಳು ಅವು. ಅಂಥವರನ್ನು ಕಳ್ಳನೆಂದು ಬರೆಯಬೇಕಾಗಿ ಬಂದದ್ದಕ್ಕೆ ಅವಳಿಗೆ ತನ್ನ ಸಮವಸ್ತ್ರದ ಮೇಲೇ ಸಿಟ್ಟು ಬಂತು. ಆದರೆ ಎಫ್‌ಐಆರ್ ಆಗಿತ್ತು, ಮಾಲು ಸಿಕ್ಕಿತ್ತು, ತಪ್ಪೊಪ್ಪಿಗೆಯೂ ಆಗಿತ್ತು. 2 ಗಂಟೆ 35ಕ್ಕೆ ದಸ್ತಗಿರಿ ಎಂದು ನಮೂದಾಯಿತು. ಕೋಳ ತೊಡಿಸುವ ಮಾತನ್ನು ಲುದರ್‌ಮಣಿ ಎತ್ತಲೇ ಇಲ್ಲ. ಮುದುಕರ ಕಂಬಳಿಯನ್ನು ತಾನೇ ಹೊತ್ತು ಮುಂದೆ ನಡೆದ.

ಸಂಜೆಯೊಳಗೆ ತೋಬ್‌ಗೆ ಠಾಣೆಗೆ ಓಡಿಬಂದ. ಗುರುವನ್ನು ಬೆಂಚಿನ ಮೇಲೆ ಕಂಡು ಮುಖ ಕೆಳಗೆ ಹಾಕಿದನಾದರೂ ಕೇಳಬೇಕಾದ್ದನ್ನು ಕೇಳದೆ ಬಿಡಲಿಲ್ಲ. ದೂರು ವಾಪಸ್ ತೊಗೋತೀನಿ, ಚೈನು ಕೊಟ್ಟುಬಿಡಿ ಅಂದ.

"ಅವು ಈಗ ನಿಂದಲ್ಲ, ಕೇಸಿನ ಮುದ್ದೆಮಾಲು," ಅಂದಳು ಅಂಗ್ಮೊ. "ಬೆಸುಗೆ ಪರೀಕ್ಷೆಗೆ ಕಳಿಸ್ತಿದೀನಿ. ಇಪ್ಪತ್ತೆರಡನ್ನೂ, ಒಂದು ಕೊಂಡೀನೂ ಬಿಡದ ಹಾಗೆ. ವ್ಯಾಪಾರಿ ಮೇಲೆ ಇನ್ನೊಂದು ದೂರು ಬರೆದುಕೊಡು. ವರದಿ ಬರೋದ್ರೊಳಗೆ ಹಿಮ ಕರಗಿರುತ್ತೆ."

"ಇಪ್ಪತ್ತನೇ ತಾರೀಖು ನಾವೇನು ಮಾಡೋದು?"

ಬೆಂಚಿನ ಮೇಲಿದ್ದ ಪಲ್ಜೋರ್ ಉತ್ತರ ಕೊಟ್ಟರು. "ಒಂಬತ್ತು ಗಾಡಿ ಹೋಗಲಿ. ಎರಡು ಮನೇಲಿರಲಿ, ಅವುಗಳ ಹಳೇ ಚೈನಿನ ಕೊಂಡಿ ತೆಗೆದೇ ಉಳಿದವನ್ನ ಸರಿಮಾಡಿದೀನಿ. ಕೆಂಪು ದಾರ ಇರೋ ಕೊಂಡೀನ ಒಂದು ಮೈಲಿ ಆದ್ಮೇಲೆ ಇಳಿದು ನೋಡೋಕೆ ಹೇಳು."

ತೋಬ್‌ಗೆ ಅವರ ಮೊಣಕಾಲು ಮುಟ್ಟಿ ಹೊರಟುಹೋದ.

ಚೈನುಗಳನ್ನು ಮೂಟೆ ಕಟ್ಟಿ ಅರಗಿನ ಮುದ್ರೆ ಒತ್ತುವುದನ್ನು ಪಲ್ಜೋರ್ ಕೊನೆಯವರೆಗೂ ಕೂತು ನೋಡಿದರು. ಮುದ್ರೆ ಆರಿ ಗಟ್ಟಿಯಾದ ಮೇಲೆ ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿದರು.

"ಕೇಸು ಬೇಗ ಮುಗಿಸಬೇಡಮ್ಮ," ಅಂದರು. "ಏಪ್ರಿಲ್ ತನಕ ಎಳಿ."

ಅವರು ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗಿದ ಕೂಡಲೇ ನಿದ್ದೆ ಹೋದರು. ತಿಂಗಳ ನಂತರ ಬಂದ ನಿದ್ದೆ ಅದು ಎಂದು ನೋಡಿದವರಿಗೆ ತಿಳಿಯುವಂತಿತ್ತು. ಅಂಗ್ಮೊ ಕೇಸ್ ಡೈರಿ ತೆರೆದಳು. ಅಪರಾಧದ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಸ್ವಲ್ಪ ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಬರೆದಳು: ತಾನು ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆರೋಪಿಗೆ ಬೇರೆ ದಾರಿ ಇರಲಿಲ್ಲ.