ಮುಸ್ತಕೀಮನ ಜ್ವರ

ಮುಸ್ತಕೀಮ ನಮ್ಮ ಅಂಗಡಿಗೆ ಬಂದದ್ದೇ ಜಗಳಕ್ಕೆ. ಬೈಲಹೊಂಗಲದ ಬಜಾರಿನಲ್ಲಿ ಅಪ್ಪ ಹಜರತಸಾಬ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಲಾರಿಯ ಕ್ಯಾಬಿನ್ನಿಗೆಂದು ನಮ್ಮಲ್ಲಿ ಮಾಡಿಸಿದ್ದ ಗಾದಿಯನ್ನು ಹೆಗಲ ಮೇಲೆ ಹೊತ್ತು ತಂದವನು ಅದನ್ನು ನನ್ನ ಮುಂದೆಯೇ ಧೊಪ್ಪನೆ ಹಾಕಿದ.

“ಇದು ಗಾದಿಯೋ, ತಲಿದಿಂಬೋ? ಮಲಗಿದ್ರ ಕಾಲು ಹೊರಗ ಬರತಾವ.”

“ಅಳತಿ ಕೊಟ್ಟಾವ್ರು ಯಾರು?”

“ನಾನ.”

“ಹಂಗಾರ ಕಾಲು ಕಡಿಸಿಕೊಂಡು ಬರ್ರಿ. ನಮ್ಮ ಹೊಲಿಗಿ ಸರಿ ಐತಿ.”

ಅಪ್ಪ ನನ್ನನ್ನು ಗದರಿದರು. ನನ್ನಿಂದ ಬೈಸಿಕೊಂಡವನ ಮುಖದಲ್ಲಿ ಮಾತ್ರ ಹಬ್ಬದ ಕಳೆ. ಅವನು ನನ್ನ ಮೂಗನ್ನೇ ನೋಡುತ್ತಿದ್ದ. ಹತ್ತಿ ಅಂಟಿರಬೇಕೆಂದು ಒರೆಸಿಕೊಂಡೆ.

“ಇನ್ನೂ ಐತಿ,” ಎಂದ.

ಮತ್ತೆ ಒರೆಸಿಕೊಂಡೆ. “ಇನ್ನೂ ಹೋಗಿಲ್ಲ,” ಎಂದ. ಅಲ್ಲಿ ಹತ್ತಿಯೂ ಇರಲಿಲ್ಲ, ಏನೂ ಇರಲಿಲ್ಲ ಎಂದು ತಿಳಿಯುವಷ್ಟರಲ್ಲಿ ಅವನು ನಗುತ್ತ ಅಂಗಡಿಯ ಮೆಟ್ಟಿಲು ಇಳಿದಿದ್ದ.

ಆಮೇಲೆ ತನ್ನೂರು ಕಿತ್ತೂರಿನಲ್ಲಿ ಗಾದಿ ಮಾಡುವವರೇ ಇಲ್ಲವೇನೋ ಎಂಬಂತೆ ಇಲ್ಲಿಗೇ ಬರತೊಡಗಿದ. ಒಮ್ಮೆ ದಿಂಬು, ಒಮ್ಮೆ ದಿಂಬಿಗೆ ಹೊದಿಸುವ ಗಲೀಫು. “ಒಬ್ಬನ ತಲಿಗೆ ಎಷ್ಟರೆ ದಿಂಬು ಬೇಕ್ರಿ?” ಎಂದರೆ, “ಮುಂದ ಇಬ್ಬರಾಗತೇವಲ್ಲ,” ಎನ್ನುತ್ತಿದ್ದ. ಅಪ್ಪ ಕುರುಡರಲ್ಲ. ಅವನ ತಾಯಿ ಮಾಸುಮಬಿ ಬಂದು ಸಕ್ಕರೆ ಹಂಚಿ ನಿಶ್ಚಯ ಮಾಡಿಕೊಂಡು ಹೋದರು. ಅದು ಎರಡು ಸಾವಿರದ ಐದನೆಯ ಇಸವಿ.

ಮದುವೆಯ ಗಾದಿಗೆ ನಾನು ನೀಲಿ ಬಟ್ಟೆ ಆರಿಸಿಟ್ಟ ವಾರವೇ ಕಿತ್ತೂರಿನಿಂದ ಸುದ್ದಿ ಬಂತು. ಹುಡುಗ ನಿಕಾ ಒಲ್ಲೆ ಅನ್ನುತ್ತಾನೆ. ಕಾರಣ ಹೇಳುವುದಿಲ್ಲ.

ಕಾರಣ ಕೊಡಲು ಓಣಿಯವರಿದ್ದರಲ್ಲ. ಲಾರಿ ಡ್ರೈವರ್, ಪುಣೆ ರಸ್ತೆ, ಊರಿಗೊಬ್ಬಳು ಇರುತ್ತಾಳೆ ಎಂದರು. ನನಗೆ ಉರಿದುಹೋಯಿತು. ಗಾದಿ ಕೊಟ್ಟು ಬರುತ್ತೇನೆಂದು ಅಪ್ಪನಿಗೆ ಸುಳ್ಳು ಹೇಳಿ ಕಿತ್ತೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದಕ್ಕಿಂತ ಒಂದು ಖಾರವಾದ ಮಾತು ಹುಡುಕಿಟ್ಟುಕೊಂಡೆ. ಅವನ ಮನೆಯ ಮುಂದೆ ನಿಂತ ಲಾರಿಯ ನೆರಳಿನಲ್ಲಿ ಅವನನ್ನು ಕಂಡಾಗ ಒಂದೂ ಬಾಯಿಗೆ ಬರಲಿಲ್ಲ.

ಅಂಗಿ ಗೂಟಕ್ಕೆ ತೂಗುಹಾಕಿದಂತೆ ಜೋತಾಡುತ್ತಿತ್ತು. ಕೆನ್ನೆ ಒಳಗೆ ಹೋಗಿದ್ದವು.

“ಏನಾಗೇತ್ರಿ ನಿಮಗ?”

“ದೂರ ನಿಲ್ಲು, ಫರೀನ್.”

“ಬಸ್ ಚಾರ್ಜು ಕೊಟ್ಟು ದೂರ ನಿಲ್ಲಾಕ ಬಂದಿಲ್ಲ. ಹೇಳ್ರಿ.”

ಹೇಳಿದ. ರಾಮದುರ್ಗದ ಹಣಮಂತಪ್ಪ ಅವನ ಜೋಡಿ ಡ್ರೈವರ್. ಒಬ್ಬ ಓಡಿಸಿದರೆ ಇನ್ನೊಬ್ಬ ಮಲಗುವುದು, ಒಂದೇ ತಾಟು, ಒಂದೇ ಚಾದರ. ಆ ಹಣಮಂತಪ್ಪ ಏಡ್ಸ್ ಆಗಿ ಸತ್ತಿದ್ದ.

“ನೋಡಾಕ ಹೋಗಿದ್ದೆ. ದನದ ಕೊಟಗ್ಯಾಗ ಹಾಕಿದ್ರು. ಸ್ವಂತ ಹೆಂಡತಿ ಕೋಲಿಲೆ ತಾಟು ಸರಸತಿದ್ಲು. ನೋಡಿ ಬಂದ ದಿನಾನ ನನಗೂ ಜ್ವರ ಹಿಡಿತು. ಉಂಡದ್ದು ನಿಲ್ಲವಲ್ದು. ಅವಂಗೂ ಹಿಂಗ ಚಾಲೂ ಆಗಿತ್ತು.”

“ನೀವು ಎಲ್ಲೆರೆ ಹೋಗಿದ್ರೇನು? ಯಾರ ಹತ್ರಾರೆ?”

“ಅಲ್ಲಾನ ಆಣಿ, ಇಲ್ಲ.”

ನಂಬಿದೆ. ಅವನ ಒಂದು ಮಾತು ನನಗೆ ಸಾಕಾಯಿತು.

“ತಾಟಿನಿಂದ ಬರೂ ಜಡ್ಡಲ್ಲ ಅದು. ಊರ ತುಂಬ ಗ್ವಾಡಿ ಮ್ಯಾಲೆ ಬರದಾರ, ಓದಿಲ್ಲೇನು?”

“ಓದೇನಿ. ತಲಿಗೆ ತಿಳಿತೈತಿ, ಹೊಟ್ಟಿಗೆ ತಿಳಿಯಂಗಿಲ್ಲ.”

“ಪರೀಕ್ಷಾ ಮಾಡಸ್ರಿ.”

“ಐತಿ ಅಂದ್ರ?”

“ಐತಿ ಅಂದ್ರ ಇಬ್ಬರೂ ಕೂಡಿ ಔಷಧ ಹುಡುಕೂಣು. ನಿಕಾ ಅಂತೂ ಬಿಡೂದಿಲ್ಲ. ನೀಲಿ ಬಟ್ಟಿ ತಂದಿಟ್ಟೇನಿ.”

ಅವನು ಮುಖ ಮುಚ್ಚಿಕೊಂಡು ಅತ್ತ. ಗಂಡಸು ಹಾಗೆ ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ.

ಕಿತ್ತೂರಿನಲ್ಲಿ ಗುರುತಿನವರಿದ್ದಾರೆಂದು ಬೈಲಹೊಂಗಲದ ದವಾಖಾನೆಗೇ ಬಂದ. ಹಿಂಬದಿಯಲ್ಲಿ ಆ ಪರೀಕ್ಷೆಗೆಂದೇ ಒಂದು ರೂಮು. ಬಾಗಿಲವರೆಗೆ ಬಂದವನು ಬೆಂಚಿನ ಮೇಲೆ ಕುಸಿದು ಕೂತ. ಹಣೆಯಿಂದ ಬೆವರು ಇಳಿಯುತ್ತಿತ್ತು.

“ಒಲ್ಲೆ ಫರೀನ್. ಗೊತ್ತಾಗದಂಗ ಸಾಯತೇನಿ.”

ನಾನು ತೋಳು ಮೇಲೇರಿಸಿ ಒಳಗೆ ಹೋದೆ. “ನಂದು ತಗೋರಿ, ಮೇಡಂ.”

“ನಿಂದ್ಯಾಕವಾ?”

“ಹೊರಗ ಕುಂತಾವ್ರಿಗೆ ಸೂಜಿ ಅಂದ್ರ ಹೆದರಿಕಿ. ನಾ ಜೀವಂತ ಹೊರಗ ಹೋದ್ರ ಅವರು ಒಳಗ ಬರತಾರ.”

ಮೇಡಂ ನಕ್ಕು ರಕ್ತ ತೆಗೆದರು. ಹತ್ತಿ ಒತ್ತಿ ಹಿಡಿದು ಹೊರಬಂದು ಅವನಿಗೆ ತೋರಿಸಿದೆ. ಅವನು ಹಲ್ಲು ಕಚ್ಚಿ ಎದ್ದ.

ಮಧ್ಯಾಹ್ನ ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. ನನಗೆ ಏನೂ ಇರಲಿಲ್ಲ, ಇರುವುದಾದರೂ ಎಲ್ಲಿಂದ? ಅವನು ಹೊರಗೆ ಬರುವವರೆಗೆ ನಾನು ಉಸಿರು ಬಿಟ್ಟಿರಲಿಕ್ಕಿಲ್ಲ.

“ಏನೂ ಇಲ್ಲಂತ. ಮೇಡಂ ಹೇಳಿದ್ರು, ಹೆದರಿಕಿಗೂ ಮೈ ಇಳಿತೈತಂತ. ಹೊಟ್ಟಿ ಕೆಡತೈತಂತ.” ಹೇಳಿ ಮುಖ ಒರೆಸಿಕೊಂಡ. “ಫರೀನ್, ಹಸಿವಾಗೇತಿ.”

ಖಾನಾವಳಿಯಲ್ಲಿ ಅವನು ರೊಟ್ಟಿ ಮುರಿಯುವುದನ್ನು ನೋಡುತ್ತ ಕೂತೆ. ಝುಣಕ, ಶೇಂಗಾ ಹಿಂಡಿ, ಮತ್ತೆ ರೊಟ್ಟಿ. ಈಗ ವಾಂತಿ ಮಾಡಿಕೊಳ್ಳುತ್ತಾನೆ, ಈಗ ಮಾಡಿಕೊಳ್ಳುತ್ತಾನೆ ಎಂದು ನಾನು ಕಾಯುತ್ತಿದ್ದರೆ ಅವನು ಅನ್ನಕ್ಕೆ ಹೇಳಿದ.

“ನೀನ ನನ್ನ ಔಷಧ,” ಎಂದ, ಬಾಯಿ ತುಂಬ ತುತ್ತಿಟ್ಟುಕೊಂಡು.

“ಹಂಗಾರ ದಿನಕ್ಕ ಮೂರು ಸಲ. ಊಟ ಆದ ಮ್ಯಾಲೆ.”

ಅವನು ನಕ್ಕು ಕೆಮ್ಮಿದ. ನೀರಿನ ಲೋಟ ಕೊಡುವಾಗ ಬೆರಳು ಹಿಡಿದುಕೊಂಡ, ಖಾನಾವಳಿಯ ಮಾಲಕ ಕೆಮ್ಮುವವರೆಗೂ ಬಿಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಸುಖದ ಮಧ್ಯಾಹ್ನ ಇನ್ನೊಂದಿಲ್ಲ.

ಅವನ ಕೆನ್ನೆ ತುಂಬಿಕೊಂಡವು, ನಿಕಾ ಮತ್ತೆ ನಿಕ್ಕಿಯಾಯಿತು. ಮಾಸುಮಬಿ ತಾವು ದರ್ಗಾದಿಂದ ತಂದ ತಾಯತದ ಕರಾಮತ್ತು ಅಂದುಕೊಂಡರು. ಇರಲಿ ಎಂದು ಇಬ್ಬರೂ ನಕ್ಕೆವು.

ಆದರೆ ರಕ್ತ ಕೊಟ್ಟ ದಿನ ದವಾಖಾನೆಗೆ ಬಿ.ಪಿ. ಗುಳಿಗೆಗೆಂದು ಬಂದಿದ್ದ ನಮ್ಮ ಓಣಿಯ ಬಾಯವ್ವ, ನಾನು ತೋಳು ಹಿಡಿದುಕೊಂಡು ಆ ರೂಮಿನಿಂದ ಹೊರಬಂದದ್ದನ್ನು ನೋಡಿದ್ದಳು. ಬೆಂಚಿನ ಮೇಲೆ ಕುಸಿದಿದ್ದ ಮುಸ್ತಕೀಮನತ್ತ ಅವಳ ಕಣ್ಣು ಹೋಗಿರಲಿಲ್ಲ. ಆಡುವವರ ಬಾಯಿಗೆ ಅರ್ಧ ಸುದ್ದಿಯೇ ರುಚಿ. ತಮ್ಮ ಮನೆಯ ಮದುವೆಗೆ ಗಾದಿ ಹೇಳಿದ್ದವರು ಬಂದು, “ನಿಮ್ಮ ಮಗಳ ಕೈ ಹತ್ತದಂಗ ಹೊಲಸ್ರಿ, ಹಜರತಸಾಬ,” ಎಂದರು. ಆಮೇಲೆ ಅವರೂ ಬರಲಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಹತ್ತಿಯಲ್ಲಿ ಕೈಯಾಡಿಸುತ್ತ ಕೇಳಿದರು.

“ಆ ಹುಡುಗ ಬಂದು, ನನ್ನ ಸಲುವಾಗಿ ಕೊಟ್ಟಾಳ ಅಂತ ಒಂದು ಮಾತು ಹೇಳಿದ್ರ ಮುಗೀತಲ್ಲ, ಮಗಳ?”

ಮುಗಿಯುತ್ತಿತ್ತು. ಆ ಒಂದು ಮಾತಿಗೆ ನಾನು ದಿನಾ ರಸ್ತೆ ನೋಡಿದೆ.

ಕಡೆಗೆ ಬಂದ. ಅಂಗಡಿಯ ಕಟ್ಟೆಯ ಮೇಲೆ, ನನ್ನಿಂದ ಅಷ್ಟು ದೂರಕ್ಕೆ ಕೂತ.

“ಅವ್ವಾಗ ಯಾರೋ ಹೇಳ್ಯಾರ. ಏನೂ ಇಲ್ಲದಾಕಿ ರಕ್ತ ಯಾಕ ಕೊಡತಾಳ ಅಂತಾಳ.”

“ನೀವೇನು ಹೇಳಿದ್ರಿ?”

“ನಾ ಏನು ಹೇಳ್ಲಿ? ಹೇಳಿದ್ರ ನಂದೂ ಹೊರಗ ಬೀಳತೈತಿ. ಡ್ರೈವರ್ ಅಂದ ಮ್ಯಾಲೆ ಯಾರು ನಂಬತಾರ?” ನೆಲ ನೋಡುತ್ತ ಮುಂದುವರಿಸಿದ, “ಇನ್ನೊಂದು ಸಲ ಕೊಡು, ಫರೀನ್. ಧಾರವಾಡದಾಗ, ಪ್ರೈವೇಟ್ ಲ್ಯಾಬಿನ್ಯಾಗ. ಅವ್ವನ ಸಮಾಧಾನಕ್ಕ.”

“ಅವತ್ತು ನೀವು ಅಲ್ಲೇ ಇದ್ರಲ್ಲ.”

“ನಿಂದು ನಿನಗಷ್ಟ ಹೇಳಿದ್ರು. ನಾ ಹೊರಗಿದ್ದೆ.”

ಎಷ್ಟು ಮೆಲ್ಲಗೆ ಹೇಳಿದ ಅದನ್ನು. ಆಗ ಅವನನ್ನು ಸರಿಯಾಗಿ ನೋಡಿದೆ. ಚಳಿಗಾಲದ ಬೆಳಗು, ಅವನ ಹಣೆಯ ಮೇಲೆ ಬೆವರು. ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. ನಾನು ಅವನ ಇನ್ನೊಂದು ಕೈ ಮುಟ್ಟಿದೆ. ಸುಡುತ್ತಿತ್ತು. ಅವನು ಸರಕ್ಕನೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಂಡದ್ದು ಅವನಿಗೇ ಗೊತ್ತಾಗಲಿಲ್ಲವೆಂದು ಕಾಣುತ್ತದೆ.

“ಜ್ವರ ಯಾವಾಗಿಂದ?”

“ಅವ್ವ ಹೇಳಿದಾಗಿಂದ.”

“ಊಟ?”

“ಸೇರವಲ್ದು.”

“ನಿಮ್ಮ ಅವ್ವಾಗೂ ಜ್ವರ ಬಂದೈತೇನ್ರಿ?”

“ಇಲ್ಲ.”

“ಹಂಗಾರ ಸಮಾಧಾನ ಯಾರಿಗೆ ಬೇಕಾಗೇತಿ?”

ಖಾನಾವಳಿಯಲ್ಲಿ ಬಿಡದೆ ಹಿಡಿದಿದ್ದನಲ್ಲ ನನ್ನ ಬೆರಳು, ಈಗ ಅದನ್ನೇ ನೆನೆದು ಹೆದರುತ್ತಿದ್ದ.

ಪ್ರೀತಿ ಸತ್ತಿರಲಿಲ್ಲ. ಅವನ ಹಣೆ ಒರೆಸಬೇಕೆಂದು ಆಗಲೂ ನನ್ನ ಕೈ ಎದ್ದಿತ್ತು. ಇನ್ನೊಮ್ಮೆ ರಕ್ತ ಕೊಟ್ಟಿದ್ದರೆ ಅವನ ಜ್ವರ ಇಳಿಯುತ್ತಿತ್ತು, ನಿಕಾ ಆಗುತ್ತಿತ್ತು. ಆಮೇಲೆ ಅವನಿಗೊಂದು ಕೆಮ್ಮು ಬಂದಾಗಲೆಲ್ಲ, ನಾಳೆ ಕೂಸಿಗೊಂದು ನೆಗಡಿ ಬಂದಾಗಲೆಲ್ಲ ನಾನು ತೋಳು ಚಾಚುತ್ತಿರಬೇಕಿತ್ತು. ಅವನ ಆಣೆಗೆ ನಾನು ಯಾವ ಲ್ಯಾಬಿನ ಸಾಕ್ಷಿಯನ್ನೂ ಕೇಳಿರಲಿಲ್ಲ.

“ರಕ್ತ ಕೊಡಂಗಿಲ್ರಿ. ನಿಕಾನೂ ಬ್ಯಾಡ.”

“ಫರೀನ್, ನಿನ್ನ ಮ್ಯಾಲೆ ನನ್ನ ಜೀವ ಐತಿ.”

“ನಂದೂ ನಿಮ್ಮ ಮ್ಯಾಲೆ ಐತಿ. ಆದ್ರ ನಾನು ನಿಮ್ಮ ಜಡ್ಡಾಗಿ ಬಾಳೂದಿಲ್ಲ. ಹೋಗ್ರಿ, ನಿಮಗ ಆರಾಮ ಆಗತೈತಿ.”

ಹೋದ. ಒಂದು ಸಲ ತಿರುಗಿ ನೋಡಿದ. ಆ ಪರೀಕ್ಷೆಯೇ ಬೇಡ ಎನ್ನಲಿ ಎಂದು ನಾನು ಕಾದೆ. ಅಂಗಡಿಯ ಮೂಲೆ ದಾಟಿ ಮರೆಯಾದ.

ನಾನು ಅಳಲಿಲ್ಲ. ಓಣಿಯವರ ಮುಂದೆ ತಲೆ ಎತ್ತಿ ಅಡ್ಡಾಡಿದೆ, ಅಪ್ಪನ ಜೊತೆ ಕೂತು ಗಾದಿ ಹೊಲಿದೆ. ಒಂದು ವಾರದ ಮೇಲೆ ಹತ್ತಿ ಇಳಿಸಲು ಬಂದ ಕಿತ್ತೂರಿನ ಡ್ರೈವರೊಬ್ಬ ಅಪ್ಪನಿಗೆ ಹೇಳುತ್ತಿದ್ದ. ಆ ದಿನ ಮುಸ್ತಕೀಮ ಇಲ್ಲಿಂದ ಹೋದವನು ಸಂಜೆಯೇ ಹೈವೇ ಧಾಬಾದಲ್ಲಿ ಕೂತು ಹೊಟ್ಟೆ ತುಂಬ ಉಂಡನಂತೆ. ಜ್ವರ ಪೂರ್ತಿ ಬಿಟ್ಟಿತಂತೆ.

ಸೂಜಿ ಅಲ್ಲೇ ಚುಚ್ಚಿಟ್ಟು ಒಳಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.