ಅಳು ನೆಕ್ಕುವ ಬೆಕ್ಕು

ಬಹಳ ಹಿಂದೆ, ಬೆಟ್ಟಗಳಾಚೆ ಚಂದ್ರಗಾವಿ ಎಂಬ ರಾಜ್ಯವಿತ್ತು. ಅಲ್ಲಿಗೆ ಕೆಂಡಜ್ವರ ಬಂತು. ಜ್ವರ ಬಂದವರು ಹೊಳೆಯಾಚೆಯ ಬಿಡಾರಕ್ಕೆ ಹೋಗಬೇಕು, ಉಳಿದವರು ಬಾಗಿಲು ಹಾಕಿಕೊಂಡಿರಬೇಕು ಎಂದು ರಾಜ ಡಂಗುರ ಸಾರಿಸಿದ. ಪುಟ್ಟ ತುಂಗಿಯ ಅಮ್ಮನೂ ಹೋದಳು. ಅಪ್ಪ ಗಡಿಯಲ್ಲಿ, ದಂಡಿನ ಜೊತೆ. ಮಗುವನ್ನು ನೋಡಿಕೊಳ್ಳಲು ಉಳಿದವಳು ಸೋದರತ್ತೆ ಹೊನ್ನವ್ವ. ಹಾಲನ್ನೂ ಮೂಸಿ ನೋಡದೆ ಒಳಗೆ ಬಿಡದ ಹೆಂಗಸು!

"ಅಮ್ಮ ಎಲ್ಲಿ?" ಎಂದು ತುಂಗಿ ಕೇಳಿದಾಗಲೆಲ್ಲ ಅತ್ತೆ, "ಸಂತೆಗೆ ಹೋಗಿದಾಳೆ, ಅಳಬೇಡ, ಸುಮ್ನಿರು" ಅನ್ನುತ್ತಿದ್ದಳು.

ಒಂದು ದಿನ ಕಿಟಕಿಯಿಂದ ಬಿಳಿ ಬೆಕ್ಕೊಂದು ಬಂದು ತುಂಗಿಯ ಕಣ್ಣೀರು ನೆಕ್ಕಿತು. ಅಷ್ಟೇ, ಅಳು ನಿಂತಿತು. ಬೀದಿಯ ಮನೆಮನೆಗೂ ಅದು ಹೋಗಿಬರುತ್ತಿತ್ತು. "ಎಂಥ ಗುಣದ ಬೆಕ್ಕು!" ಎಂದು ನೆರೆಯವರು ಗೋಡೆಯಾಚೆಯಿಂದ ಹೊಗಳಿದ್ದೇ ಹೊಗಳಿದ್ದು.

ಹೊನ್ನವ್ವನಿಗೆ ಮಾತ್ರ ಅನುಮಾನ. ಯಾರೂ ಅನ್ನ ಹಾಕದಿದ್ದರೂ ಈ ಬೆಕ್ಕು ದಪ್ಪವಾಗುತ್ತಿದೆಯಲ್ಲ, ತಿನ್ನುವುದಾದರೂ ಏನನ್ನು?

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಉಪ್ಪಿಲ್ಲದ ಸಾರು ಬಡಿಸಿದಳು. ತುಂಗಿ ತುಟಿ ಪಿಟಕ್ಕೆನ್ನದೆ ಉಂಡಳು. ಅತ್ತೆ ಅವಳ ಮರದ ಗೊಂಬೆಯನ್ನು ಅಟ್ಟದ ಮೇಲಿಟ್ಟಳು. ತುಂಗಿ ಹುಡುಕಲೂ ಇಲ್ಲ. ಕೊನೆಗೆ, "ನಿಮ್ಮಮ್ಮ ಬೇಡವೇನೇ ನಿಂಗೆ?" ಎಂದಳು.

"ಅಮ್ಮ ಅಂದ್ರೆ ಯಾರತ್ತೆ?"

ಇದು ಬೆಕ್ಕಿನದೇ ಕೆಲಸ ಎಂದು ಹೊನ್ನವ್ವನಿಗೆ ಹೊಳೆಯಿತು. ಪೊರಕೆ ಎತ್ತಿಕೊಂಡು ಬೆಕ್ಕಿನ ಮೇಲೆ ನುಗ್ಗಿದಳು. ನೋಡನೋಡುತ್ತ ಅದು ಎಮ್ಮೆಯಷ್ಟಾಯಿತು. ಬೆಕ್ಕಲ್ಲ ಅದು, ಮಾಯಾವಿ!

"ನನಗ್ಯಾಕೆ ಹೊಡೀತೀಯ? ಅಳಬೇಡ ಅಂದವಳು ನೀನೇ. ಮಕ್ಕಳು ನುಂಗಿಕೊಂಡ ಅಳುವೇ ನನ್ನ ಊಟ. ಅದು ಮುಗೀತು, ಈಗ ನೆನಪು ತಿಂತಿದೀನಿ" ಎಂದು ಮಾಯಾವಿ ನಕ್ಕಿತು.

ಹೊನ್ನವ್ವ ಪೊರಕೆ ಬಿಸಾಡಿ ತುಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. "ನಾನು ಸುಳ್ಳು ಹೇಳಿದೆ ಮಗಾ. ನಿಮ್ಮಮ್ಮ ಸಂತೆಗೆ ಹೋಗಿಲ್ಲ. ಜ್ವರ ಬಂದು ಹೊಳೆಯಾಚೆ ಮಲಗಿದಾಳೆ. ಯಾವಾಗ ಬರ್ತಾಳೋ ಗೊತ್ತಿಲ್ಲ. ನಂಗೂ ಹೆದರಿಕೆ ಆಗ್ತಿದೆ ಕಣೇ" ಎಂದು ಗೊಳೋ ಎಂದು ಅತ್ತಳು.

ತುಂಗಿ ಅತ್ತೆಯ ಮುಖವನ್ನೇ ನೋಡಿದಳು. "ಅಮ್ಮಾ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿ ಅತ್ತಳು. ಬೆಕ್ಕು ನೆಕ್ಕಲು ಬಂದರೆ ಕೈಯಿಂದ ತಳ್ಳಿದಳು. ಅವಳು ಬಿಕ್ಕಿದಷ್ಟೂ ಅದು ಕುಗ್ಗಿತು. ಇಲಿಯಷ್ಟಾಯಿತು, ಇರುವೆಯಷ್ಟಾಯಿತು, ಇಲ್ಲವೇ ಆಯಿತು.

"ಅಮ್ಮ ಸಾಯ್ತಾಳಾ ಅತ್ತೆ?"

"ಗೊತ್ತಿಲ್ಲ ಮಗಾ. ವೈದ್ಯರು ಚೆನ್ನಾಗಿ ನೋಡ್ಕೋತಿದಾರೆ. ದಿನಾ ಕೇಳು, ಗೊತ್ತಿದ್ದಷ್ಟು ಹೇಳ್ತೀನಿ."

ಆ ಅಳು ಕೇಳಿ ಬೀದಿಯ ಮಕ್ಕಳೆಲ್ಲ ಅತ್ತರು, ಸಿಟ್ಟು ಮಾಡಿದರು, ಕೇಳಿದ್ದನ್ನೇ ಕೇಳಿದರು. ಮುಂದೆ ಜ್ವರ ಇಳಿದು ಅಮ್ಮ ಹೊಳೆ ದಾಟಿ ಬಂದಾಗ ತುಂಗಿ ನಗಲಿಲ್ಲ. "ಯಾಕೆ ಬಿಟ್ಟುಹೋದೆ?" ಎಂದು ಸೆರಗು ಹಿಡಿದೆಳೆದು ಗುದ್ದಿದಳು. ಅಮ್ಮ ತಡೆಯಲಿಲ್ಲ. ಗುದ್ದು ಮುಗಿಯುವವರೆಗೂ ಅಪ್ಪಿಕೊಂಡೇ ಇದ್ದಳು. ಅಲ್ಲಿಂದಾಚೆಗೆ ಚಂದ್ರಗಾವಿಯವರೆಲ್ಲ ಸುಖವಾಗಿ ಬಾಳಿದರು, ಬೇಕಾದಷ್ಟು ಗದ್ದಲ ಮಾಡಿಕೊಂಡು.